ಪಟ್ಟಿಯ ಇನ್ನೊಂದು ತುದಿ

ಬೀಗ ಹಾಕಿ ಎಳೆದು ನೋಡಿದಳು ನಾಗರತ್ನ. ಗೇಟಿನವರೆಗೆ ಹೋದವಳು ತಿರುಗಿ ಬಂದು ಇನ್ನೊಮ್ಮೆ ಎಳೆದು ನೋಡಿದಳು. ಬೀಗ ಬಿದ್ದಿತ್ತು, ದಿನಾಲೂ ಬಿದ್ದೇ ಇರುತ್ತಿತ್ತು. ಬಾಗಿಲಿನ ಆಚೆ ಅತ್ತೆಯ ಹೆಜ್ಜೆಗಳು ನಡುಮನೆಯಿಂದ ಹೊರಟು, ಒಂದು ಕಾಲೆಳೆಯುತ್ತ ಹತ್ತಿರವಾಗಿ, ಹಲಗೆಯ ಹಿಂದೆಯೇ ನಿಂತವು. 'ಬಸ್ಸು ಬಂತೇನೇ?' ಎಂದಿತು ಒಳಗಿನ ದನಿ. 'ಬರುತ್ತೆ ಅತ್ತೆ, ನೀವು ಕೂತ್ಕಳಿ' ಎಂದು ಇವಳು ಬೀಗಕ್ಕೆ ಹೇಳಿದಳು. ಎರಡು ವರ್ಷದಿಂದ ಅತ್ತೆಯ ನೆನಪು ಸೋರುತ್ತಿತ್ತು. ಎರಡು ಸಲ ಮನೆ ಬಿಟ್ಟು ಹೋಗಿದ್ದರು. ಎರಡನೆಯ ಸಲ ಬಳ್ಳಾರಿ ರಸ್ತೆಯಲ್ಲಿ, ಎಣ್ಣೆ ಮಿಲ್ಲಿನ ಎದುರು, ಲಾರಿಗಳಿಗೆಲ್ಲ ಕೈ ಅಡ್ಡ ಹಿಡಿದು ನಿಂತಿದ್ದರು, ತವರಿಗೆ ಹೋಗುವ ಬಸ್ಸೆಂದು. ಅಂದಿನಿಂದ ಈ ಬೀಗ. ಬೀಗವನ್ನು ಅಂಗಡಿಯಿಂದ ತಂದುಕೊಟ್ಟವನು ಗಂಡ ಮಹಾಂತೇಶ. ಅವನು ಆರು ಗಂಟೆಗೇ ಹಿರಿಯೂರಿಗೆ ಕೆಲಸಕ್ಕೆ ಹೊರಡುವುದರಿಂದ ಅದನ್ನು ಹಾಕುವುದು ಒಂದು ದಿನವೂ ಅವನ ಪಾಲಿಗೆ ಬಂದಿರಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸಿ ಮುಚ್ಚಿಟ್ಟಿದ್ದಳು, ಗ್ಯಾಸಿನ ಕಿವಿ ತಿರುಗಿಸಿದ್ದಳು, ಪಕ್ಕದ ಮನೆಯ ಜಯಣ್ಣನ ಹೆಂಡತಿ ಹನ್ನೆರಡಕ್ಕೆ ಕಿಟಕಿಯಿಂದ ಕೂಗಿ ನೋಡುತ್ತಾಳೆ. ಎಲ್ಲ ಸರಿಯಾಗಿತ್ತು. ಕೀಲಿಯನ್ನು ಪರ್ಸಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಬಸ್ ನಿಲ್ದಾಣ ತಲುಪುವುದರೊಳಗೆ ಮೂರು ಸಲ ಜಿಪ್ ತೆಗೆದು ಮುಟ್ಟಿ ನೋಡಿದಳು.

ಚಳ್ಳಕೆರೆಯ ನಿಲ್ದಾಣದಲ್ಲಿ ಶೇಂಗಾ ಹಿಂಡಿಯ ವಾಸನೆ ಬೆಳಗಿನ ಬಿಸಿಲಿನ ಜೊತೆಗೇ ಏರುತ್ತಿತ್ತು. ಮೊಳಕಾಲ್ಮೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಕಂಬದ ಹತ್ತಿರ ನನ್ನಿವಾಳದ ಮೂಗಮ್ಮ ಕೂತಿದ್ದನ್ನು ನಾಗರತ್ನ ಕಂಡಳು. ಕಂಡ ತಕ್ಷಣ ಕಣ್ಣು ತಾನಾಗಿಯೇ ಬಸ್ಸುಗಳ ಬೋರ್ಡಿನ ಕಡೆ ಹೊರಳಿತು. ಮಂಗಳವಾರ, ಆಸ್ಪತ್ರೆಯಲ್ಲಿ ಫಿಟ್ಸ್ ಗುಳಿಗೆ ಕೊಡುವ ದಿನ, ಮರೆತೇ ಹೋಗಿತ್ತು. ಮರೆತಿರದಿದ್ದರೆ ಅವಳು ಎಂಟರ ಬಸ್ಸಿಗೆ ಬರುತ್ತಿರಲಿಲ್ಲ.

'ಮೇಡಮ್ಮಾ' ಎಂದು ಮೂಗಮ್ಮ ಎದ್ದೇ ಬಂದಳು, ಕಂಕುಳಲ್ಲಿ ಒಂಬತ್ತು ವರ್ಷದ ಮಗ ರಾಜಣ್ಣನನ್ನು ಎತ್ತಿಕೊಂಡು. ಹುಡುಗನ ಕಾಲುಗಳು ಅವಳ ಮೊಣಕಾಲಿನ ಕೆಳಗೂ ಇಳಿಬಿದ್ದಿದ್ದವು. 'ನಮ್ಮುನ್ನ ಕಂಡ್ರೆ ಬೋರ್ಡ್ ಓದಕ್ಕೆ ಶುರು ಮಾಡ್ತೀರಲ್ರಿ.'

'ಇಲ್ಲಮ್ಮ, ಕಾಣ್ಲಿಲ್ಲ.'

'ಇವ್ನು ಕಾಣ್ದಂಗೆ ಎಲ್ಲಿ ಅದಾನ್ರಿ? ಕುರಿಮರಿ ಆಗಿದ್ರೆ ಕಂಬ್ಳಿಯಾಗೆ ಮುಚ್ಚಿಡಬೌದಿತ್ತು' ಎಂದು ಮೂಗಮ್ಮ ನಕ್ಕು, ಸೆರಗಿನಿಂದ ಮಗನ ಬಾಯಿ ಒರೆಸಿದಳು. 'ನಂಬರು ಎಷ್ಟರಾಗೈತ್ರಿ ನಮ್ದು?'

'ಒಂದು.'

'ಹೋದ್ ವರ್ಸಾನೂ ಒಂದೇ ಅಂದಿದ್ರಿ.'

'ಹೂಂ. ಸೀಟು ಖಾಲಿ ಆಗ್ಬೇಕಲ್ಲಮ್ಮ.'

'ಒಂದಾದ್ ಮ್ಯಾಲೆ ಇನ್ನೇನ್ ಬರ್ತೈತ್ರಿ ಮೇಡಮ್ಮಾ? ಸೊನ್ನೆಯಾ?'

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಬಹುದಿತ್ತು. ರಾಜಣ್ಣ ಇವಳ ಮುಖವನ್ನೇ ನೋಡಿ, ತುಂಬ ಹಳೆಯ ಪರಿಚಯದವರನ್ನು ಕಂಡಂತೆ ಬಾಯಿ ತುಂಬ ನಕ್ಕ. ಬಸ್ಸು ಬಂತು. ನಾಗರತ್ನ ಅವಸರದಲ್ಲಿ ಹತ್ತಿ, ಆಚೆ ಬದಿಯ ಕಿಟಕಿಯ ಪಕ್ಕ ಕೂತಳು.

ಈ ತಾಲ್ಲೂಕುಗಳಲ್ಲಿ ಇಂಥ ಮಕ್ಕಳಿದ್ದ ಮನೆಗಳೆಲ್ಲ ಅವಳಿಗೆ ಗೊತ್ತಿದ್ದವು. ಕೂರಲಾಗದ, ನುಂಗಲಾಗದ, ದಿನಕ್ಕೆ ಮೂರು ಸಲ ಫಿಟ್ಸ್ ಬರುವ ಮಕ್ಕಳು. ಅವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ ಹುಡುಕಿ ಸೇರಿಸುವುದು ಅವಳ ಕೆಲಸ. ಸಂಯೋಜಕಿ ಎಂಬುದು ಅವಳ ಗುತ್ತಿಗೆಯ ಹುದ್ದೆಯ ಹೆಸರು. ಜಾಗವೆಂದರೆ ಇದ್ದದ್ದು ಒಂದೇ, ದಾವಣಗೆರೆಯನ್ನೂ ದಾಟಿ, ಬಸ್ಸಿನಲ್ಲಿ ಐದು ಗಂಟೆ ದೂರದ ಒಂದು ಮನೆ. ಅಲ್ಲಿ ಇಂಥವರಿಗೆ ಆರು ಹಾಸಿಗೆ. ವರ್ಷಕ್ಕೊಂದು ಖಾಲಿಯಾದರೆ ಹೆಚ್ಚು. ಹೇಗೆ ಖಾಲಿಯಾಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವಳೂ ಕೇಳುವುದನ್ನು ಬಿಟ್ಟಿದ್ದಳು. ಹಾಸಿಗೆ ಖಾಲಿಯಾಗಿದೆ ಎಂದು ಫೋನು ಬಂದಾಗ ಮೊದಲು ಆಗುತ್ತಿದ್ದ ನಡುಕ ಈಗ ಆಗುತ್ತಿರಲಿಲ್ಲ. ಕೈ ನೇರವಾಗಿ ಹೆಸರುಗಳ ಪಟ್ಟಿಗೆ ಹೋಗುತ್ತಿತ್ತು.

ನಿನ್ನೆ ಬಂದ ಫೋನು ಬೇರೆ ಥರದ್ದು. ಮಾಡಿದವಳು ಆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸ್ವಪ್ನ ಎಂಬ ಸಣ್ಣ ವಯಸ್ಸಿನ ಹುಡುಗಿ. 'ಮೇಡಂ, ನಿಮ್ಮ ದಿವ್ಯಶ್ರೀ ಏಳು ತಿಂಗಳಾದ್ರೂ ನಿದ್ದೆ ಮಾಡ್ತಿಲ್ಲ. ಮೂರು ಗಂಟೆ ಮಲಗಿದ್ರೆ ಹೆಚ್ಚು. ನಿದ್ದೆ ಇಲ್ದೆ ಫಿಟ್ಸ್ ಜಾಸ್ತಿ, ಅದಕ್ಕೆ ಡಾಕ್ಟ್ರು ಡೋಸ್ ಜಾಸ್ತಿ ಮಾಡ್ತಾರೆ, ಡೋಸ್ ಜಾಸ್ತಿ ಆದ್ರೆ ಊಟ ಸೇರಲ್ಲ. ಏಳು ಕೇಜಿ ಇಳಿದಿದಾಳೆ. ಮನೇಲಿ ಹೆಂಗೆ ಮಲಗ್ತಿದ್ಲು ಅಂತ ಫಾರಂನಲ್ಲಿ ನೋಡಿದೆ. ಮಗುವಿನ ಅಭ್ಯಾಸಗಳು ಅನ್ನೋ ಕಾಲಂನಲ್ಲಿ ನೀವು ಒಂದು ಗೆರೆ ಎಳೆದಿದೀರ, ಅಷ್ಟೇ.' ಆಮೇಲೆ ಏನೋ ನೆನಪಾದಂತೆ, 'ಇನ್ನೊಂದು. ಎಡಗೈಯನ್ನ ಗಾಳೀಲಿ ಎತ್ತಿಕೊಂಡೇ ಇರ್ತಾಳೆ. ನಾವು ಇಳಿಸ್ತೀವಿ, ಮತ್ತೆ ಎತ್ತುತಾಳೆ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?' ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ ಎಂದಿದ್ದಳು. ಆ ಗೆರೆಯನ್ನು ಎಳೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಹದಿನಾಲ್ಕು ಪುಟದ ಫಾರಂ, ಕೊನೆಯ ಪುಟ, ಸಂಜೆ ನಾಲ್ಕೂವರೆಯ ಬಸ್ಸು, ಬೀಗ ಹಾಕಿದ ಮನೆ.

ತಳಕು ದಾಟಿದ ಮೇಲೆ ಕಲ್ಲುಗುಡ್ಡಗಳು ಒಂದೊಂದಾಗಿ ಬಂದು ಹೋದವು. ಕೊಂಡ್ಲಹಳ್ಳಿಯಲ್ಲಿ ಕುರಿಮಂದೆ ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಾಗ ಕಂಡಕ್ಟರು ತಲೆ ಹೊರಹಾಕಿ, 'ಲೇ, ಟಿಕೆಟ್ ತಗಂತಾವೇನೋ ನಿನ್ ಕುರಿ?' ಎಂದು ಕೂಗಿದ, ಬಸ್ಸೆಲ್ಲ ನಕ್ಕಿತು. ಆಗಲೇ ಶಶಿಕಾಂತರ ಫೋನು ಬಂತು. ಅವರು ಅವಳ ಮೇಲಿನವರು, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವರು. 'ನಾಗರತ್ನಮ್ಮ, ಮೊಳಕಾಲ್ಮೂರಿಗೆ ಹೊರಟ್ರಂತೆ. ಅಭ್ಯಾಸದ ಕಾಲಂ ಒಂದು ತುಂಬ್ಕೊಂಡು ಬನ್ನಿ, ಸಾಕು. ಗುರುವಾರ ಸಮಿತಿ ಕೂರ್ತದೆ. ಹಳೇ ವರದಿ ಕೆದಕೋಕೆ ಹೋಗಬೇಡಿ. ನಿಮ್ಮ ಕಾಂಟ್ರಾಕ್ಟೂ ಅದೇ ಮೀಟಿಂಗಲ್ಲಿ ರಿನ್ಯೂವಲ್ಲಿಗೆ ಬರೋದು, ಗೊತ್ತಲ್ಲ?' ಅವರು ಹೆದರಿಸುತ್ತಿರಲಿಲ್ಲ, ಕಾಳಜಿಯಿಂದಲೇ ಹೇಳುತ್ತಿದ್ದರು. ಆದರೆ ಹಳೆಯ ವರದಿಯಲ್ಲಿ ಕೆದಕುವಂಥದ್ದು ಏನೋ ಇದೆ ಎಂದು ಅವರಿಗೂ ಗೊತ್ತಿದೆಯಲ್ಲ ಎಂದು ಅವಳ ಮುಖ ಬಿಸಿಯಾಯಿತು.

ಇದ್ದದ್ದು ಒಂದೇ ವಾಕ್ಯ. ಎಂಟು ತಿಂಗಳ ಹಿಂದೆ, ಹಾಸಿಗೆ ಖಾಲಿಯಾದ ವಾರ, ಅವಳು ಮೊಳಕಾಲ್ಮೂರಿನ ನೇಕಾರ ಕೃಷ್ಣಕುಮಾರನ ಮನೆಗೆ ಹೋಗಿದ್ದಳು. ಅವನ ಮಗಳು ದಿವ್ಯಶ್ರೀಗೆ ಹನ್ನೊಂದು ವರ್ಷ. ಬಾಣಂತಿಯಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಎತ್ತಿ ಬೆಳೆಸಿದವಳು ಅಜ್ಜಿ ಪೆದ್ದಮ್ಮ. ಆ ತಿಂಗಳು ಪೆದ್ದಮ್ಮ ಮೊಮ್ಮಗಳನ್ನು ಎತ್ತಿಕೊಂಡೇ ಬಚ್ಚಲಲ್ಲಿ ಬಿದ್ದಿದ್ದಳು. ತೋಳಿಗೆ ಪ್ಲಾಸ್ಟರು, ಹುಡುಗಿಯ ಹಣೆಗೆ ಐದು ಹೊಲಿಗೆ. ಪಟ್ಟಿಯಲ್ಲಿ ಅವರದು ನಾಲ್ಕನೆಯ ಹೆಸರು. ಮೊದಲನೆಯದು ರಾಜಣ್ಣನದು. ಮೂಗಮ್ಮ ಗಟ್ಟಿ ಹೆಂಗಸು, ಇನ್ನೆರಡು ವರ್ಷ ಹೊರುತ್ತಾಳೆ ಎಂದು ನಾಗರತ್ನ ಮನಸ್ಸಿನಲ್ಲೇ ತೂಗಿದ್ದಳು. ಒಬ್ಬರ ಸೊಂಟವನ್ನು ಇನ್ನೊಬ್ಬರ ತೋಳಿನೊಂದಿಗೆ ತೂಗಲು ಅವಳಿಗೆ ಯಾರೂ ತಕ್ಕಡಿ ಕೊಟ್ಟಿರಲಿಲ್ಲ. ನಾಲ್ಕನೆಯವಳು ಮೊದಲಾಗಬೇಕಾದರೆ ಮನೆಯಲ್ಲೇ ಮಗುವಿಗೆ ಅಪಾಯವಿದೆ ಎಂದು ಕಾಣಬೇಕು. ತೋಳು ಮುರಿದ ಅಜ್ಜಿ ಅಪಾಯವಲ್ಲ, ಬಡತನ. ಅದು ಎಲ್ಲ ಮನೆಗಳಲ್ಲೂ ಇತ್ತು. ಹೀಗೆ ಯೋಚಿಸುತ್ತ ಅವಳು ಹೊಸಿಲು ದಾಟಿದಾಗ ಕೃಷ್ಣಕುಮಾರ ಮಗ್ಗದ ಗುಂಡಿಯಿಂದ ಎದ್ದು ಬಂದು ಕೈಮುಗಿದಿದ್ದ. ಪಕ್ಕದ ಚಾಪೆಯ ಮೇಲೆ ಹುಡುಗಿ ಮಲಗಿದ್ದಳು. ಅವಳ ಎಡ ಮಣಿಕಟ್ಟಿನಿಂದ ಹೊರಟ ಒಂದು ಹಳೆಯ ಸೀರೆಯ ಪಟ್ಟಿ ಮಗ್ಗದ ಕಂಬಕ್ಕೆ ಹೋಗಿ ಅಲ್ಲಿ ಸುತ್ತಿಕೊಂಡಿತ್ತು.

ಅದನ್ನು ಕಂಡಾಗ ಆದದ್ದು ಸಂಕಟವಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಂಡಾಗ ಆದದ್ದು ಸಂತೋಷ. ಬೇಕಾಗಿದ್ದ ವಾಕ್ಯ ಅಲ್ಲೇ ನೆಲದ ಮೇಲೆ ಬಿದ್ದಿತ್ತು. ಬಗ್ಗಿ ಎತ್ತಿಕೊಳ್ಳುವುದಷ್ಟೇ ಬಾಕಿ. ಇದು ಯಾಕೆ ಎಂದು ಕೇಳಬಹುದಿತ್ತು. ಕೇಳಿದರೆ ಅವರು ಏನಾದರೂ ಹೇಳಿಬಿಡುತ್ತಿದ್ದರು. ಆ ರಾತ್ರಿ ಅತ್ತೆಯನ್ನು ಮಲಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬರೆದಳು: 'ಮಗುವನ್ನು ಮಗ್ಗದ ಕಂಬಕ್ಕೆ ಕಟ್ಟಿಹಾಕಲಾಗಿದ್ದು, ನಾನು ಖುದ್ದಾಗಿ ನೋಡಿರುತ್ತೇನೆ.' ಸುಳ್ಳಲ್ಲ. ಸಮಿತಿ ಹತ್ತು ನಿಮಿಷದಲ್ಲಿ ಒಪ್ಪಿತು. ಆದರೆ ಅವಳು ಎಣಿಸಿರದ ಇನ್ನೊಂದು ಸಾಲನ್ನೂ ಆದೇಶದಲ್ಲಿ ಸೇರಿಸಿತು: ಮುಂದಿನ ಆದೇಶದವರೆಗೆ ಮನೆಯವರ ಭೇಟಿಗೆ ಅವಕಾಶವಿಲ್ಲ. ಪೆದ್ದಮ್ಮನಿಗೆ ಅವಳು ಹೇಳಿದ್ದೇ ಬೇರೆ. ಹೊಸ ಮಕ್ಕಳು ಹೊಂದಿಕೊಳ್ಳುವವರೆಗೆ ಮನೆಯವರು ಬರಬಾರದು ಅಂತ ರೂಲ್ಸು ಅವ್ವ, ಎಲ್ಲರಿಗೂ ಹಾಗೇ. ಮನೆಮಾತು ತೆಲುಗಿನ ಪೆದ್ದಮ್ಮ ಆ ಸುಳ್ಳಿಗೆ ತಲೆಯಾಡಿಸಿ, ಹಾಗಾದರೆ ಸರಿ ತಲ್ಲೀ, ಮದುವೆಯಾದ ಹುಡುಗೀನೂ ಮೊದಲು ಹಾಗೇ ಅಲ್ವಾ, ಎಂದಿದ್ದಳು.

ಓಣಿಯೊಳಗೆ ಎರಡೂ ಬದಿಯ ಮನೆಗಳಿಂದ ಮಗ್ಗಗಳ ಬಡಿತ ಬರುತ್ತಿತ್ತು; ಒಂದು ತಪ್ಪಿದ ಕಡೆ ಇನ್ನೊಂದು ಬೀಳುತ್ತ ಇಡೀ ಓಣಿಯೇ ತಾಳ ಹುಡುಕುತ್ತಿರುವಂತಿತ್ತು. ಕೃಷ್ಣಕುಮಾರನ ಬಾಗಿಲಲ್ಲಿ ನಿಂತಾಗ ಒಳಗಿನವರಿಗೆ ಇವಳು ಬಂದದ್ದು ಗೊತ್ತಾಗಲಿಲ್ಲ. ಅವನು ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಅಂಚಿನ ಬಣ್ಣ ಬೇರೆಯಾದ್ದರಿಂದ ಆ ತುದಿಯಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿಯನ್ನು ಹಿಂದಕ್ಕೆ ಕೊಡಬೇಕು. ಅಲ್ಲಿ ಪೆದ್ದಮ್ಮ ಕೂತಿದ್ದಳು. ಇಬ್ಬರ ನಾಲ್ಕು ಕೈಗೂ ಬಿಡುವಿರಲಿಲ್ಲ. ಚಾಪೆ ಇದ್ದಲ್ಲೇ ಹಾಸಿತ್ತು, ಖಾಲಿ. ಅದರ ಮೇಲೆ ಹಳೆಯ ಸೀರೆಯ ಪಟ್ಟಿ, ಬೂದಿ ಬಣ್ಣಕ್ಕೆ ತಿರುಗಿದ ನೇರಳೆ. ಒಂದು ತುದಿ ಚಾಪೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ಇನ್ನೊಂದು ತುದಿ ಕಂಬಕ್ಕಿರಲಿಲ್ಲ. ಅದು ಕೃಷ್ಣಕುಮಾರನ ಸೊಂಟಕ್ಕೆ ಸುತ್ತಿಕೊಂಡಿತ್ತು. ಅವನು ಮುಂದೆ ಬಾಗಿ ಹಲಗೆಯನ್ನು ಎಳೆದು ಬಡಿದಾಗಲೆಲ್ಲ ಚಾಪೆಯ ಮೇಲಿನ ತುದಿ ಒಂದು ಬೆರಳಿನಷ್ಟು ಮುಂದೆ ಸರಿದು, ಮತ್ತೆ ಸುಮ್ಮನಾಗುತ್ತಿತ್ತು.

ಅವನು ತಲೆಯೆತ್ತಿದ. 'ಮೇಡಂ' ಎಂದು ಗಡಬಡಿಸಿ ಎದ್ದ. ಏಳುವಾಗ ಅವನ ಎಡಗೈ, ಕಣ್ಣು ಅತ್ತ ಹೊರಳದೆಯೇ, ಸೊಂಟದ ಕುಣಿಕೆಯನ್ನು ಸಡಿಲಿಸಿ, ಪಕ್ಕದ ಕಂಬಕ್ಕೆ ಸಿಕ್ಕಿಸಿ, ಒಂದು ಸುತ್ತು ಸುತ್ತಿತು. ಆಮೇಲೆ ಎರಡೂ ಕೈ ಸೇರಿಸಿ ಅವಳಿಗೆ ಮುಗಿದ.

ನಾಗರತ್ನ ಹೊಸಿಲಲ್ಲೇ ನಿಂತಳು. ಎಂಟು ತಿಂಗಳ ಹಿಂದೆ ಇದೇ ಹೊಸಿಲಲ್ಲಿ ನಿಂತು ಅವಳು ಕಂಡದ್ದು ಇದರ ನಂತರದ್ದನ್ನು ಮಾತ್ರ. ತಾನು ಬಂದದ್ದಕ್ಕೆ ಅವನು ಎದ್ದ, ಎದ್ದದ್ದಕ್ಕೆ ಪಟ್ಟಿ ಕಂಬಕ್ಕೆ ಹೋಯಿತು, ಹೋದದ್ದನ್ನು ತಾನು ಖುದ್ದಾಗಿ ನೋಡಿದ್ದಳು. ತಾನು ಬಾರದಿದ್ದರೆ ಆ ವಾಕ್ಯವೇ ಇರುತ್ತಿರಲಿಲ್ಲ.

'ಬಾ ತಲ್ಲೀ, ಒಳಗ್ ಬಾ. ಪಾಪ ಹೆಂಗೈತೆ?' ಪೆದ್ದಮ್ಮ ಆ ತುದಿಯಿಂದ ನೆಲಕ್ಕೆ ಕೈಯೂರಿ ಎದ್ದಳು. ಮುರಿದು ಕೂಡಿದ ತೋಳು ಸ್ವಲ್ಪ ಸೊಟ್ಟಗಿತ್ತು. ಹತ್ತಿರ ಬಂದು ನಾಗರತ್ನಳ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು. 'ಮೊಳಕಾಲ್ಮೂರಿಗೆ ಬರೋವಾಗ ಪಾಲಿಯೆಸ್ಟರ್ ಉಟ್ಕಂಡ್ ಬರ್ತೀಯಲ್ಲ, ನಮ್ ಹೊಟ್ಟೆ ಮೇಲೆ ಹೊಡ್ಯಕಾ? ಕೂತ್ಕ. ಮನೇಲಿ ಅತ್ತೆಯೋರು ಚೆನ್ನಾಗವ್ರಾ?'

'ಚೆನ್ನಾಗಿದಾರೆ ಅವ್ವ.'

'ಜೊತೆಗೆ ಯಾರವ್ರೆ?'

'ಇದಾರೆ' ಎಂದಳು ನಾಗರತ್ನ. ಪರ್ಸಿನೊಳಗಿನ ಕೀಲಿ ನೆನಪಾಯಿತು. ಮಾತು ಬೇರೆ ಕಡೆ ತಿರುಗಿಸಬೇಕೆಂದು ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡು, ದಿವ್ಯಶ್ರೀ ಇಲ್ಲಿದ್ದಾಗ ಹೇಗೆ ಮಲಗುತ್ತಿದ್ದಳು ಎಂದು ಕೇಳಿದಳು. ಕೇಳುವಾಗ ಉತ್ತರ ಅವಳ ಎದುರಿನ ಕಂಬಕ್ಕೇ ನೇತಾಡುತ್ತಿತ್ತು.

'ಹೆಂಗೆ ಅಂದ್ರೆ? ಇದಿತ್ತಲ್ಲ' ಎಂದು ಪೆದ್ದಮ್ಮ ಪಟ್ಟಿಯನ್ನು ತೋರಿಸಿದಳು. 'ಅವಳ್ದೊಂದ್ ತುದಿ, ಇವಂದೊಂದ್ ತುದಿ. ನಾವಿಬ್ರೂ ಮಗ್ಗದಾಗಿದ್ರೆ ಅವಳ್ನ ಯಾರ್ ನೋಡ್ತಾರೆ? ಫಿಟ್ಸ್ ಬಂದ್ರೆ ಸದ್ದೇ ಇಲ್ಲ ಅದಕ್ಕೆ, ಕೈ ಮಾತ್ರ ಎಳೀತದೆ. ಕಣ್ಣಿಗಿಂತ ಮೊದ್ಲು ಇವನ ಸೊಂಟಕ್ಕೆ ಗೊತ್ತಾಗ್ತಿತ್ತು. ಅವಳ ಸುದ್ದಿ ಇವನಿಗೆ. ಇವ್ನು ಬಡಿಯೋದು ಅವಳಿಗೆ. ನಾಲ್ಕು ಬಡ್ತಕ್ಕೆ ಕಣ್ ಮುಚ್ತಿದ್ಲು. ಮಗ್ಗ ನಿಂತ್ರೆ ಎಚ್ಚರ. ಕರೆಂಟ್ ಹೋಗಿ ಕತ್ತಲಾದ್ರೂ, ನೂಲು ಕಡಿದ್ರೂ, ಇವ್ನು ಬೀಡಿಗೆ ಅಂತ ಎದ್ರೂ, ಕೈ ಎತ್ತಿ ಎತ್ತಿ ಕರ್ಯೋಳು. ಯಾಕೋ ನಾಯನಾ ನಿಲ್ಸಿದೆ ಅಂತ.' ಪೆದ್ದಮ್ಮ ತನ್ನ ಸೊಟ್ಟ ಎಡಗೈಯನ್ನು ಗಾಳಿಯಲ್ಲಿ ಎತ್ತಿ ತೋರಿಸಿ ನಕ್ಕಳು.

ಹೇಳಬಾರದೆಂದುಕೊಂಡೇ ನಾಗರತ್ನ ಹೇಳಿಬಿಟ್ಟಳು. 'ಅಲ್ಲೂ ಎಡಗೈ ಎತ್ಕೊಂಡೇ ಇರ್ತಾಳಂತೆ ಅವ್ವ.'

ಪೆದ್ದಮ್ಮನ ಕೈ ಮೇಲೆಯೇ ಇತ್ತು. ಅದನ್ನು ಇಳಿಸುವುದು ಅವಳಿಗೆ ಮರೆತುಹೋದಂತಿತ್ತು. ಆಮೇಲೆ 'ಕಾಫಿ ಇಡ್ತೀನಿ' ಎಂದು ಒಳಗೆ ಹೋದಳು.

ಕೃಷ್ಣಕುಮಾರ ಮಗ್ಗದ ಅಂಚಿಗೆ ಕೂತು ಕಡಿದ ನೂಲಿನ ಎಳೆಯೊಂದನ್ನು ಬೆರಳಲ್ಲಿ ಹೊಸೆಯುತ್ತಿದ್ದ. ದನಿ ತಗ್ಗಿಸಿ, 'ಆರ್ಡರ್ ಕಾಪಿ ನಮಗೂ ಪೋಸ್ಟಲ್ಲಿ ಬಂದಿತ್ತು ಮೇಡಂ' ಎಂದ.

ನಾಗರತ್ನ ಫಾರಂನ ಅಂಚನ್ನು ನೇರ ಮಾಡಿದಳು.

'ನಾನು ಎಸ್ಸೆಲ್ಸಿ ಪಾಸು. ಮೂರ್ ಸಲ ಓದಿದೆ. ಮೊದ್ಲು ಬೇರೆ ಯಾರ್ ಮನೇದೋ ತಪ್ಪಿ ಬಂದೈತೆ ಅನ್ಕಂಡೆ. ಹೆಸ್ರು ನೋಡಿದ್ರೆ ನಂದೇ ಐತೆ.' ಅವನು ನೂಲಿನಿಂದ ಕಣ್ಣೆತ್ತಲಿಲ್ಲ. 'ಅಮ್ಮಂಗೆ ಹೇಳಿಲ್ಲ. ಅಟ್ಟದ ಮೇಲೆ ಇಟ್ಟೀನಿ.'

'ನನ್ನ ಯಾಕೆ ಕೇಳಲಿಲ್ಲ ನೀವು?'

'ಕೇಳಿ? ಸುಳ್ಳು ಅಂತ ಆದ್ರೆ ಸೀಟ್ ಹೋಗ್ತಿತ್ತು. ಅಮ್ಮನ ತೋಳು ನೋಡಿದ್ರಲ್ಲ. ನಿಮ್ಮುನ್ನ ಬಯ್ಬೇಕು ಅಂತ ಎಷ್ಟೋ ದಿನ ಬಸ್ ಸ್ಟ್ಯಾಂಡ್ ತನಕ ಬಂದೀನಿ. ಬಂದು, ಟೀ ಕುಡ್ದು, ವಾಪಸ್ ಹೋಗೀನಿ.' ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದ: 'ನಂಗೂ ಬೇಕಾಗಿತ್ತಲ್ಲ ಮೇಡಂ ಆ ಮಾತು. ನೀವೊಬ್ರೇ ಬರ್ದಿಲ್ಲ ಅದ್ನ.'

ಅವನು ಬೈದಿದ್ದರೆ ಎಂದುಕೊಂಡಳು. ಬೈದಿದ್ದರೆ ತಾನು ವಾದ ಮಾಡುತ್ತಿದ್ದೆ, ನಿಮ್ಮ ಒಳ್ಳೆಯದಕ್ಕೇ ಬರೆದದ್ದು ಎನ್ನುತ್ತಿದ್ದೆ, ಆ ಮಾತನ್ನು ಎಂಟು ತಿಂಗಳಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಈಗ ಅವನು ತಪ್ಪಿನಲ್ಲಿ ಅರ್ಧ ಪಾಲು ಕೇಳಿ ಅದನ್ನೂ ಕಸಿದುಕೊಂಡಿದ್ದ.

ಪೆದ್ದಮ್ಮ ಕಾಫಿ ತಂದಳು. ಲೋಟ ಕೊಟ್ಟು, ನಾಗರತ್ನ ಕುಡಿದು ಕೆಳಗಿಟ್ಟ ಮೇಲೆ ಅವಳ ಎಡಗೈಯನ್ನು ಹಿಡಿದುಕೊಂಡಳು. 'ಆ ಹುಡ್ಗೀರಿಗೆ ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ. ನೀ ನೋಡ್ಕಂಡ್ ಹೋಗು. ಬಿಗಿ ಎಷ್ಟಿರಬೇಕು ಅಂತ ಕೈಗೇ ಗೊತ್ತಾಗ್ಬೇಕು.' ಚಾಪೆಯ ಮೇಲಿನ ತುದಿಯನ್ನು ಎತ್ತಿ ಅವಳ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಒಳಗೆ ಒಂದು ಬೆರಳು ತೂರಿಸಿ ಸಡಿಲ ನೋಡಿ, ಗಂಟು ಹಾಕಿದಳು. ಬಟ್ಟೆ ಎಷ್ಟೋ ಒಗೆತಕ್ಕೆ ಬೆಣ್ಣೆಯಂತಾಗಿತ್ತು. 'ನಾಯನಾ, ನೇಯಿ' ಎಂದು ಮಗನಿಗೆ ಹೇಳಿ, ತಾನು ಆ ತುದಿಗೆ ಹೋಗಿ ಲಾಳಿ ಹಿಡಿದು ಕೂತಳು.

ಕೃಷ್ಣಕುಮಾರ ಒಂದು ಕ್ಷಣ ಅನುಮಾನಿಸಿದ. ಆಮೇಲೆ ಕಂಬದಿಂದ ಕುಣಿಕೆ ತೆಗೆದು ಸೊಂಟಕ್ಕೆ ಹಾಕಿಕೊಂಡು ಗುಂಡಿಗೆ ಕಾಲಿಳಿಸಿದ. ಮಗ್ಗ ಶುರುವಾಯಿತು. ಮೊದಲ ಬಡಿತಕ್ಕೆ ಅವಳ ಕೈಗೆ ಒಂದು ಸಣ್ಣ ಸೆಳೆತ ಬಂತು, ಯಾರೋ ಪಕ್ಕದಲ್ಲಿ ಮಲಗಿದವರು ಹೊರಳಿದಷ್ಟು. ಎರಡನೆಯದು. ಮೂರನೆಯದು. ಅದು ಎಳೆತವಾಗಿರಲಿಲ್ಲ, ಇದ್ದೀನಿ, ಇದ್ದೀನಿ ಎಂದು ಹೇಳಿದ ಹಾಗಿತ್ತು. ಅವಳ ಭುಜ ಇಳಿಯಿತು. ಬೆಳಗಿನಿಂದ ಬಿಗಿಹಿಡಿದಿದ್ದ ಹಲ್ಲು ಸಡಿಲವಾಯಿತು. ಎಷ್ಟು ವರ್ಷದಿಂದಲೋ ಯಾರಿಗೂ ಕಾಯದೆ, ಯಾವುದಕ್ಕೂ ಕಿವಿಗೊಡದೆ ಅವಳು ಕೂತಿರಲಿಲ್ಲ. ಕಣ್ಣು ನಿಜವಾಗಿಯೂ ಭಾರವಾಗುತ್ತಿತ್ತು. ಹುಡುಗಿಗೆ ಹನ್ನೊಂದು ವರ್ಷ ಸಿಕ್ಕಿದ್ದು ಇದು. ಏಳು ತಿಂಗಳಿಂದ ಅವಳು ಕೈಯೆತ್ತಿ ಕೇಳುತ್ತಿರುವುದು ಇದನ್ನು. ಫಾರಂನಲ್ಲಿ ಇದು ಇರಬೇಕಾದ ಜಾಗದಲ್ಲಿ ತಾನು ಒಂದು ಗೆರೆ ಎಳೆದಿದ್ದಳು.

'ಅವ್ವ' ಎಂದಳು ನಾಗರತ್ನ, ಬಡಿತದ ಸದ್ದಿನೊಳಗೆ, ತನಗೇ ಕೇಳುವಷ್ಟು ಮಾತ್ರ. 'ನೀವು ಹೋಗಬಾರದು ಅಂತ ಅಲ್ಲಿ ಯಾವ ರೂಲ್ಸೂ ಇರಲಿಲ್ಲ. ನಾನು ಬರೆದದ್ದಕ್ಕೆ ನಿಮ್ಮನ್ನ ತಡೆದರು. ನೀವು ಮಗೂನ ಕಂಬಕ್ಕೆ ಕಟ್ಟಿಹಾಕ್ತೀರಿ ಅಂತ ಬರೆದಿದ್ದೆ.'

ಹೇಳಿ ಮುಗಿಯಿತು ಎಂದು ಒಂದು ನಿಮಿಷ ಹಗುರಾಯಿತು. ಆಗ ಮಗ್ಗ ನಿಂತಿತು. ಕೃಷ್ಣಕುಮಾರ ಹಲಗೆಯನ್ನು ಹಿಡಿದುಕೊಂಡೇ ಕೂತಿದ್ದ, ಅವನಿಗೆ ಕೇಳಿಸಿತ್ತು. ಪೆದ್ದಮ್ಮ ಆ ತುದಿಯಿಂದ ಕಿವಿಗೆ ಕೈ ಅಡ್ಡ ಹಿಡಿದಳು.

'ಏನಂದೆ ತಲ್ಲೀ? ಸದ್ದಿನಾಗೆ ಕೇಳ್ಲಿಲ್ಲ.'

ಪಕ್ಕದ ಮನೆಯ ಮಗ್ಗವೂ ಅದೇ ಹೊತ್ತಿಗೆ ಸುಮ್ಮನಾಗಿತ್ತು. ಕೃಷ್ಣಕುಮಾರ ಅವಳ ಕಡೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದ. ಅಥವಾ ಅವಳಿಗೆ ಹಾಗೆ ಕಂಡಿತು. ಏನಿಲ್ಲ ಅವ್ವ, ಬಿಗಿ ಸರಿಯಾಗಿದೆ ಅಂದೆ, ಎನ್ನಬಹುದಿತ್ತು. ಆ ವಾಕ್ಯವೂ ಬಾಯಿಯ ತುದಿಯಲ್ಲಿ ಸಿದ್ಧವಾಗಿತ್ತು. ಅವಳಿಗೆ ಬೇಕಾದ ವಾಕ್ಯಗಳು ಯಾವಾಗಲೂ ಸಿಗುತ್ತಿದ್ದವು. ಕೈಯ ಪಟ್ಟಿ ನೆಟ್ಟಗಾಗಿತ್ತು. ಅವಳು ಮತ್ತೆ ಮೊದಲಿನಿಂದ ಹೇಳಿದಳು, ಈ ಸಲ ಕೇಳುವ ಹಾಗೆ, ಒಂದೊಂದು ಮಾತನ್ನೂ ಬಿಡದೆ. ಕಂಡಾಗ ಸಂತೋಷವಾಯಿತು ಎಂಬುದನ್ನೂ ಹೇಳಿದಳು.

ಪೆದ್ದಮ್ಮ ಲಾಳಿಯನ್ನು ಮಡಿಲಲ್ಲಿಟ್ಟುಕೊಂಡಳು. ಕಟ್ಟಿಹಾಕುವ ಮಾತನ್ನು ಬಿಟ್ಟು ಅವಳು ಕೇಳಿದ್ದು ಬೇರೆ. 'ಹಂಗಾದ್ರೆ ಪಾಪಂಗೆ ಯಾರ್ ಹೇಳಿದ್ರು? ನಾವ್ ಯಾಕೆ ಬರ್ಲಿಲ್ಲ ಅಂತ?'

ಯಾರೂ ಹೇಳಿರಲಿಲ್ಲ. ಹುಡುಗಿಗೆ ಅದನ್ನು ಹೇಳಬೇಕಾದವರು ಯಾರು ಎಂದು ಕೇಳುವ ಕಾಲಂ ಯಾವ ಫಾರಂನಲ್ಲೂ ಇರಲಿಲ್ಲ.

ಪೆದ್ದಮ್ಮ ಎದ್ದು ಬಂದು ಗಂಟು ಬಿಚ್ಚಿದಳು. ನಾಗರತ್ನ ಬ್ಯಾಗಿನಿಂದ ಬಿಳಿ ಹಾಳೆ ತೆಗೆದು, ಮಗ್ಗದ ಪಕ್ಕದ ಕಟ್ಟೆಯ ಮೇಲಿಟ್ಟುಕೊಂಡು ಬರೆದಳು. ಇಂಥ ದಿನ ತಾನು ಸಲ್ಲಿಸಿದ ವರದಿ ತಪ್ಪು. ಕಂಡದ್ದನ್ನು ಕೇಳಿ ತಿಳಿಯದೆ ಬರೆದದ್ದು. ಪಟ್ಟಿಯ ಇನ್ನೊಂದು ತುದಿ ತಂದೆಯ ಸೊಂಟಕ್ಕಿರುತ್ತಿತ್ತು. ಇಷ್ಟೇ ಬರೆಯಲು ಅರ್ಧ ಗಂಟೆ ಹಿಡಿಯಿತು. ಸಹಿ ಮಾಡಿ, ಮಡಚಿ, ಬ್ಯಾಗಿಗೆ ಹಾಕಿಕೊಳ್ಳಹೋದವಳು ತಡೆದು ಕೃಷ್ಣಕುಮಾರನಿಗೆ ಚಾಚಿದಳು.

'ಇದನ್ನ ನೀವೇ ಇಟ್ಕೊಳ್ಳಿ. ಗುರುವಾರ ಸಮಿತಿಗೆ ನೀವೇ ತಂದು ಕೊಡಿ. ನನ್ನ ಹತ್ರ ಇದ್ರೆ...' ಅವಳಿಗೆ ತನ್ನ ಪರಿಚಯವಿತ್ತು. ಚಳ್ಳಕೆರೆ ಬರುವುದರೊಳಗೆ ಎಷ್ಟು ಕಾರಣಗಳು ಸಿಗುತ್ತವೆ ಎಂದು ಗೊತ್ತಿತ್ತು. 'ನನ್ನ ಹತ್ರ ಇದ್ರೆ ಕೊಡ್ತೀನೋ ಇಲ್ಲವೋ.'

ಅವನು ಹಾಳೆಯನ್ನು ತೆಗೆದುಕೊಳ್ಳಲಿಲ್ಲ. 'ಸೀಟು?'

'ಹೋಗಬಹುದು. ಪಟ್ಟಿಯಲ್ಲಿ ಮೊದಲನೆಯವನಿಗೆ ಕೊಡಬಹುದು.' ರಾಜಣ್ಣನ ಬಾಯಿ ತುಂಬಿದ ನಗು ಕಣ್ಣಿಗೆ ಕಟ್ಟಿತು.

ಕೃಷ್ಣಕುಮಾರ ತಾಯಿಯ ತೋಳನ್ನು ನೋಡಿದ. ಪೆದ್ದಮ್ಮ ಸೊಟ್ಟ ಕೈಯಿಂದಲೇ ಹಾಳೆಯನ್ನು ಕಿತ್ತುಕೊಂಡು, ಓದಲು ಬಾರದ ಅದನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿ, ರವಿಕೆಯೊಳಗೆ ಇಟ್ಟುಕೊಂಡಳು. 'ಪಾಪನ್ನ ಎತ್ತಕ್ಕಾಗ್ದಿದ್ರೆ ಎಳ್ಕಂಡ್ ಹೋಗ್ತೀನಿ ಬಚ್ಚಲಿಗೆ. ಗುರುವಾರ ಎಷ್ಟೊತ್ತಿಗೆ ಬಸ್ಸು?' ಎಂದು ಮಗನನ್ನು ಕೇಳಿದಳು. ನಾಗರತ್ನಳ ಕಡೆ ನೋಡಲಿಲ್ಲ. ಅವಳು ಹೊರಟಾಗ ಹೋಗಿ ಬಾ ತಲ್ಲೀ ಎನ್ನಲೂ ಇಲ್ಲ. ಓಣಿಯ ತಿರುವಿನವರೆಗೂ ಆ ಮನೆಯ ಮಗ್ಗ ಶುರುವಾಗಲಿಲ್ಲ.

ಚಳ್ಳಕೆರೆಗೆ ಬಂದಾಗ ಬಿಸಿಲು ಇಳಿದಿತ್ತು. ಬಸ್ಸಿನಲ್ಲಿ ಅಭ್ಯಾಸಗಳ ಕಾಲಂ ತುಂಬಿದ್ದಳು. ಹಳೆಯ ಗೆರೆಯನ್ನು ಹೊಡೆದುಹಾಕಿ ಅದರ ಕೆಳಗೆ, ಬದಿಯ ಖಾಲಿ ಜಾಗದಲ್ಲೂ ಬರೆದಿದ್ದಳು. ಗೇಟು ತೆಗೆದಾಗ ಜಯಣ್ಣನ ಹೆಂಡತಿ ಪಕ್ಕದ ಅಂಗಳದಿಂದ, 'ಊಟ ಮಾಡಿಲ್ಲ ಕಣ್ರೀ ಇವತ್ತು. ಬಾಗಿಲ ಹತ್ರಾನೇ ಕುಂತವ್ರೆ, ನೀವು ಹೋದಾಗಿಂದ' ಎಂದಳು. ಕೀಲಿ ಪರ್ಸಿನ ಒಳಜೇಬಿನಲ್ಲೇ ಇತ್ತು. ಬೀಗ ತೆಗೆದು ನೂಕಿದರೆ ಬಾಗಿಲು ಅರ್ಧಕ್ಕೇ ಮೆತ್ತಗೆ ತಡೆಯಿತು. ಒಳಗೆ ಅತ್ತೆ ನೆಲದ ಮೇಲೆ ಬಾಗಿಲಿಗೆ ಒರಗಿ ಕೂತಿದ್ದರು, ಅಂಗೈಯನ್ನು ಹಲಗೆಗೆ ಒತ್ತಿಕೊಂಡು. ಅಂಗೈಯಲ್ಲಿ ಮರದ ಗೆರೆಗಳು ಅಚ್ಚೊತ್ತಿದ್ದವು.

'ಬಸ್ಸು ಬಂತೇನೇ?'

ದಿನಾ ಹೇಳುವ ಮಾತು ಬಾಯಿಗೆ ಬಂತು. ಹೇಳಲಿಲ್ಲ. ಸಂದಿಯಲ್ಲಿ ನುಗ್ಗಿ ಒಳಗೆ ಬಂದು ಅತ್ತೆಯ ಪಕ್ಕ ಕೂತಳು. 'ಇಲ್ಲ ಅತ್ತೆ. ಬಸ್ಸಿಲ್ಲ. ನಾನೇ ಬಾಗಿಲಿಗೆ ಬೀಗ ಹಾಕಿ ಹೋಗಿದ್ದೆ.'

ಅತ್ತೆ ಅವಳ ಮುಖವನ್ನು ದಿಟ್ಟಿಸಿ ನೋಡಿದರು. 'ಗೊತ್ತು' ಎಂದರು. 'ಎರಡು ಸಲ ಎಳೀತೀಯ. ಎಳೆದಾಗ ಬಾಗಿಲು ಅಲುಗಾಡುತ್ತೆ.'

ನಾಗರತ್ನಳ ಕೈಯಲ್ಲಿ ಬೀಗ ಬಾಯಿ ತೆರೆದುಕೊಂಡು ಹಾಗೇ ಇತ್ತು. ನಾಳೆ ಏಳೂವರೆಗೆ ಅದನ್ನು ಮತ್ತೆ ಹಾಕಬೇಕಾಗಿತ್ತು.